ಕಡಲು ಕಂಡ ಹಗ್ಗ

ಮೊದಲ ಕಿಡಿ ಹಾರಿದಲ್ಲಿಂದ ಮೂವತ್ತು ನಿಮಿಷ. ಅಷ್ಟರೊಳಗೆ ಒಂದು ಲೀಟರ್ ನೀರು ಕುದಿಯಬೇಕು. ಬೆಂಕಿಪೆಟ್ಟಿಗೆ, ಲೈಟರ್, ಸೀಮೆಎಣ್ಣೆ, ಕರ್ಪೂರ ಯಾವುದನ್ನೂ ಮುಟ್ಟುವಂತಿಲ್ಲ. ಫೆರೋ ರಾಡ್ ಒಂದೇ. ಅವಕಾಶ ಎರಡು. ಎರಡರಲ್ಲೂ ಆಗದಿದ್ದರೆ ಗುಂಪಿನ ಮುಂದೆ ನಡೆಯುವ ಕೆಲಸ ಬಿಟ್ಟು ಪಂಪ್‌ವೆಲ್‌ನ ಸ್ಟೋರಿಗೆ ಹೋಗಬೇಕು.

ನಮ್ಮ ಚಾರಣ ಸಂಸ್ಥೆಯವರು ಆ ವರ್ಷ ಎಲ್ಲ ಮಾರ್ಗದರ್ಶಿಗಳಿಗೂ ಹಾಕಿದ ಷರತ್ತು ಇದು. ಅದು ಅನ್ಯಾಯ ಎಂದು ಹೇಳಲಾರೆ. ಹಿಂದಿನ ವರ್ಷ ಒಂದು ಗುಂಪು ಹೊಳೆ ದಾಟುವಾಗ ಮಾರ್ಗದರ್ಶಿಯ ಬೆಂಕಿಪೆಟ್ಟಿಗೆಗಳು ಚೀಲದ ಸಮೇತ ನೆನೆದು, ಒದ್ದೆ ಬಟ್ಟೆಯಲ್ಲಿದ್ದ ಹತ್ತು ಮಂದಿ ಬೆಳಗಿನ ತನಕ ಹಲ್ಲು ಕಟಕಟಿಸುತ್ತ ಕೂತಿದ್ದರು. ಫೆರೋ ರಾಡ್‌ಗೆ ಆ ತೊಂದರೆ ಇಲ್ಲ. ಹೊಳೆಯಲ್ಲಿ ಮುಳುಗಿಸಿ ತೆಗೆದು, ಪಂಚೆಯಲ್ಲಿ ಒರೆಸಿ, ಕೆರೆದರೂ ಕಿಡಿ ಬರುತ್ತದೆ.

ಸ್ಟೋರಿನ ಕೆಲಸವೂ ಕೆಟ್ಟದ್ದೇನಲ್ಲ. ಫ್ಲೈಓವರಿನ ಪಕ್ಕದ ಕಟ್ಟಡದಲ್ಲಿ, ಕಿಟಕಿಯಿಲ್ಲದ ಒಂದು ಕೋಣೆ. ಹೋದ ಟೆಂಟುಗಳು ಬಂದವೋ ಇಲ್ಲವೋ ನೋಡಬೇಕು, ಮಲಗುವ ಚೀಲಗಳ ಜಿಪ್ಪು ಎಳೆದು ಪರೀಕ್ಷಿಸಬೇಕು. ಹೊರಗೆ ದಿನವಿಡೀ ಬಸ್ಸುಗಳ ಹಾರ್ನು. ನನಗೆ ಐವತ್ತೆರಡು. ಒಮ್ಮೆ ಆ ಕೋಣೆಯ ಸ್ಟೂಲಿನಲ್ಲಿ ಕೂತರೆ ಮತ್ತೆ ಕಾಡಿಗೆ ಕರೆಯುವವರಿಲ್ಲ ಎಂಬುದು ಗೊತ್ತಿತ್ತು.

ಇದರಲ್ಲಿ ಒಂದು ತಮಾಷೆಯೂ ಇತ್ತು. ಈ ಕೆಲಸಕ್ಕೆ ಬರುವ ಮೊದಲು ನಾನು ಪಣಂಬೂರಿನ ಕಡೆಯ ಒಂದು ಕಾರ್ಖಾನೆಯ ಗೇಟಿನಲ್ಲಿದ್ದೆ. ಒಳಗೆ ಹೋಗುವವರ ಜೇಬು ತಡವಿ ಬೆಂಕಿಪೆಟ್ಟಿಗೆ ತೆಗೆದಿಡುವುದೇ ಕೆಲಸ. ವರ್ಷಗಟ್ಟಲೆ ಒಂದು ಕಿಡಿ ಹಾರದಂತೆ ನೋಡಿಕೊಂಡವನಿಗೆ ಈಗ ಕಿಡಿ ಹಾರಿಸಿ ತೋರಿಸು ಎಂದಾಗಿತ್ತು.

ಫೆರೋ ರಾಡ್ ಎಂದರೆ ಪೆನ್ಸಿಲಿನಷ್ಟು ದಪ್ಪದ, ಬೆರಳಿನಷ್ಟು ಉದ್ದದ ಒಂದು ಕಪ್ಪು ಲೋಹದ ಕಡ್ಡಿ. ಮೇಲಿನ ಕಪ್ಪು ಬಣ್ಣವನ್ನು ಮೊದಲು ಕೆರೆದು ತೆಗೆಯಬೇಕು. ಮತ್ತೆ ಅಂಚು ಚೂಪಾಗಿರುವ ಉಕ್ಕಿನ ತುಂಡಿನಿಂದಲೋ ಚೂರಿಯ ಬೆನ್ನಿನಿಂದಲೋ ಒತ್ತಿ ಕೆರೆದರೆ ಲೋಹದ ಸಣ್ಣ ಸಣ್ಣ ಚೂರುಗಳು ಉರಿಯುತ್ತ ಉದುರುತ್ತವೆ. ಅವು ಬೀಳುವ ಜಾಗದಲ್ಲಿ ಬೇಗ ಹೊತ್ತಿಕೊಳ್ಳುವಂಥದ್ದು ಏನಾದರೂ ಇರಬೇಕು. ರಾಡ್ ಕೊಡುವುದು ಕಿಡಿ ಮಾತ್ರ, ಬೆಂಕಿ ಕೊಡುವುದು ಅದರ ಕೆಳಗೆ ಇಟ್ಟದ್ದು. ಇದು ಅರ್ಥವಾಗಲಿಕ್ಕೇ ನನಗೆ ಮೂರು ದಿನ ಬೇಕಾಯಿತು.

ಅಭ್ಯಾಸ ಮಾಡಿದ್ದು ಮನೆಯ ತಾರಸಿಯಲ್ಲಿ. ಮೊದಲು ಎಲ್ಲರೂ ಮಾಡುವ ತಪ್ಪನ್ನೇ ಮಾಡಿದೆ. ರಾಡ್ ಅಲುಗದಂತೆ ಹಿಡಿದು ಉಕ್ಕಿನ ತುಂಡನ್ನು ಮುಂದಕ್ಕೆ ತಳ್ಳಿದೆ. ಕೈ ಜಾರಿ ಕೆಳಗಿದ್ದ ನಾರಿನ ಗೂಡಿಗೇ ಗುದ್ದಿ, ಗೂಡು ಪಕ್ಕದ ಮನೆಯ ಹಂಚಿಗೆ ಹಾರಿತು. ಹಾಗೆ ಎರಡು ದಿನ. ಮೂರನೆಯ ದಿನ ಕೈರಂಪಣಿ ನೆನಪಾಯಿತು. ನಮ್ಮದು ಕಡಲಿನ ಮನೆತನ. ದಡದಲ್ಲಿ ನಿಂತು ಎಳೆಯುವ ಆ ದೊಡ್ಡ ಬಲೆಯ ಹಗ್ಗ ಹಿಡಿದು ಸಣ್ಣವನಿದ್ದಾಗ ನಾನೂ ಹಿಂದೆ ಹಿಂದೆ ನಡೆದವನೇ. ಬಲೆಯನ್ನು ಯಾರೂ ತಳ್ಳುವುದಿಲ್ಲ, ಕಾಲೂರಿ ಹಿಂದಕ್ಕೆ ಎಳೆಯುತ್ತಾರೆ. ಇಲ್ಲಿಯೂ ಹಾಗೆಯೇ ಮಾಡಿದೆ. ಉಕ್ಕಿನ ತುಂಡನ್ನು ಗೂಡಿನ ಮೇಲೆ ಗಟ್ಟಿಯಾಗಿ ನಿಲ್ಲಿಸಿ, ರಾಡನ್ನು ಮೈಯ ಕಡೆಗೆ ಎಳೆದೆ. ಕಿಡಿಗಳೆಲ್ಲ ಒಂದೇ ಕಡೆ, ಮಳೆ ಬಿದ್ದ ಹಾಗೆ ಬಿದ್ದವು.

ಇನ್ನು ನಾರಿನ ವಿಷಯ. ನಾವು ಬಿಡಾರ ಹೂಡುವ ಕಾಡಿನಂಚಿನ ಜಾಗದಲ್ಲಿ ಬೆಂಕಿ ಮಾಡಬಹುದು, ಆದರೆ ನೆಲದಿಂದ ಎತ್ತರಿಸಿದ ಕಬ್ಬಿಣದ ತಟ್ಟೆಯ ಮೇಲೆ ಮಾತ್ರ. ಕಾಡಿನ ಒಂದು ತರಗೆಲೆಯನ್ನೂ ಎತ್ತುವಂತಿಲ್ಲ. ಕಟ್ಟಿಗೆ, ತೆಂಗಿನ ಗೆರಟೆ, ನಾರು ಎಲ್ಲವನ್ನೂ ಊರಿನಿಂದಲೇ ಹೊತ್ತುಕೊಂಡು ಹೋಗಬೇಕು. ನನಗೆ ತಕ್ಷಣ ನೆನಪಾದದ್ದು ಹಳೆಯ ಗೂಡಂಗಡಿಗಳು. ಆಗೆಲ್ಲ ಅಂಗಡಿಯ ಕಂಬಕ್ಕೆ ತೆಂಗಿನ ನಾರಿನ ಒಂದು ಹಗ್ಗ ನೇತಾಡುತ್ತಿತ್ತು. ಅದರ ತುದಿಯಲ್ಲಿ ಬೆಳಗಿನಿಂದ ಸಂಜೆಯವರೆಗೆ ಕೆಂಪು ಕೆಂಡ. ಬೀಡಿ ಕೊಂಡವರು ಅದನ್ನು ಹಿಡಿದು ಹೊತ್ತಿಸಿಕೊಂಡು ಹೋಗುತ್ತಿದ್ದರು. ಅಂಥ ಹಗ್ಗ ನಮ್ಮ ಅಟ್ಟದಲ್ಲೇ ಇತ್ತು. ಅಜ್ಜನ ದೋಣಿಯದ್ದು, ನನ್ನ ಹೆಬ್ಬೆರಳಿನಷ್ಟು ದಪ್ಪ.

ಅಟ್ಟದಿಂದ ಅದನ್ನು ಇಳಿಸುವಾಗ ಚಿಕ್ಕಮ್ಮ ಕೆಳಗೆ ಮೆಟ್ಟುಕತ್ತಿಯ ಮುಂದೆ ಕೂತು ಬಂಗುಡೆ ಹೆಚ್ಚುತ್ತಿದ್ದರು. ಅವರಿಗೆ ಎಂಬತ್ತರ ಹತ್ತಿರ. ಮಾತಾಡುವುದು ತುಳು ಒಂದೇ, ನಾನು ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

“ಎಂತಕ್ಕೆ ಅದು?”

“ಬೆಂಕಿ ಹಿಡಿಸ್ಲಿಕ್ಕೆ ಚಿಕ್ಕಮ್ಮ. ನಾರು ಬಿಡಿಸ್ತೇನೆ.”

ಅವರು ತಲೆಯೆತ್ತಲಿಲ್ಲ. ಅಜ್ಜಿ ಹೇಳುತ್ತಿದ್ದ ಒಂದು ಮಾತು ಹೇಳಿದರು: “ಕಡಲ್ ತೂಯಿನ ಬಲ್ಲ್ ತೂ ತೂವಂದ್.”

ತುಳುವಿನಲ್ಲಿ ತೂ ಎಂದರೆ ಬೆಂಕಿ. ನೋಡುವುದಕ್ಕೂ ತೂ ಎಂದೇ. ಬಲ್ಲ್ ಎಂದರೆ ಹಗ್ಗ. ಸಣ್ಣವರಿದ್ದಾಗ ನಾವು ಈ ಮಾತನ್ನು ನಾಲಿಗೆ ತೊಡರುವಷ್ಟು ಬೇಗ ಬೇಗ ಹೇಳಿ ನಗುತ್ತಿದ್ದೆವು. ಕಡಲು ನೋಡಿದ ಹಗ್ಗ ಬೆಂಕಿಯನ್ನು ನೋಡಬಾರದು, ಅನ್ನ ಕೊಟ್ಟದ್ದನ್ನು ಒಲೆಗೆ ಹಾಕಬಾರದು ಎಂದು ನಾನು ಅರ್ಥ ಮಾಡಿಕೊಂಡಿದ್ದೆ. ಹಿರಿಯರ ನಂಬಿಕೆ. ಮೀರಲು ಮನಸ್ಸು ಅಳುಕಿತು, ಆದರೆ ಸ್ಟೋರಿನ ಸ್ಟೂಲು ಕಣ್ಣೆದುರಿಗಿತ್ತು. ಹಗ್ಗವನ್ನು ಜಗಲಿಯಲ್ಲಿಟ್ಟು, ಕೈಮುಗಿದು, ಅರ್ಧ ಕತ್ತರಿಸಿದೆ. ಚಿಕ್ಕಮ್ಮ ಕಣ್ಣಂಚಿನಲ್ಲಿ ನೋಡಿ ಮತ್ತೆ ಬಂಗುಡೆಗೆ ಕೈಹಾಕಿದರು.

ಎಳೆ ಬಿಡಿಸಿ, ಅಂಗೈಯಲ್ಲಿ ಉಜ್ಜಿ ಉಜ್ಜಿ ಮೃದು ಮಾಡಿ, ತಾರಸಿಯ ತಗಡಿನ ಮೇಲೆ ಒಣಗಿಸಿದೆ. ಸಂಸ್ಥೆಯ ಆಫೀಸಿನ ಕೆಲಸ ಮುಗಿಸಿ ಮಧ್ಯಾಹ್ನ ಎರಡೂವರೆಗೆ ಅಭ್ಯಾಸ. ಎರಡನೆಯ ಎಳೆತಕ್ಕೇ ಬೆಂಕಿ. ಮರುದಿನವೂ ಹಾಗೆ. ಎರಡು ವಾರದಲ್ಲಿ ಒಂದು ದಿನವೂ ತಪ್ಪಲಿಲ್ಲ. ನೀರು ಇಪ್ಪತ್ತೆರಡು ನಿಮಿಷಕ್ಕೆ ಕುದಿಯುತ್ತಿತ್ತು. ಉಳಿದ ಎಂಟು ನಿಮಿಷದಲ್ಲಿ ಚಹಾ ಮಾಡಿಯೂ ಕೊಡಬಹುದು ಎಂದು ಮನೆಯಲ್ಲಿ ಹೇಳಿಕೊಂಡೆ.

ಡಿಸೆಂಬರಿನ ಒಂದು ಶುಕ್ರವಾರ ಹೊರಟೆವು. ಚಾರಣಕ್ಕೆ ಬಂದವರು ಎಂಟು ಮಂದಿ. ಅವರ ಜೊತೆ ನಾನು, ಅಡುಗೆಯವರು, ಪರೀಕ್ಷಕಿ. ಅಡುಗೆಯವರು ಬಜಪೆಯ ಬ್ಯಾರಿ, ಗಲ್ಫಿನ ಒಂದು ಲೇಬರ್ ಕ್ಯಾಂಪಿನಲ್ಲಿ ನೂರಾರು ಜನಕ್ಕೆ ಅಡುಗೆ ಮಾಡಿ ಬಂದವರು. ನಾವೆಲ್ಲ ಕಾಕ ಎನ್ನುತ್ತಿದ್ದೆವು. ನಮ್ಮಿಬ್ಬರ ಮಾತು ಸಾಮಾನ್ಯವಾಗಿ ತುಳುವಿನಲ್ಲೇ, ಪರೀಕ್ಷಕಿ ಘಟ್ಟದ ಮೇಲಿನವರಾದ್ದರಿಂದ ಆ ಮೂರು ದಿನ ಕನ್ನಡ. ಆಕೆಗೆ ಮೂವತ್ತೈದು ಇರಬಹುದು. ಕೊರಳಿಗೆ ಒಂದು ಸ್ಟಾಪ್‌ವಾಚು, ಕೈಯಲ್ಲಿ ಒಂದು ಫಾರಂ. ನಗುವುದು ಕಡಿಮೆ, ಸುಳ್ಳು ಹೇಳುವುದು ಇಲ್ಲವೇ ಇಲ್ಲ.

ಬಿಡಾರ ಹೂಡಿ ಮುಗಿಯುವಾಗ ಸಂಜೆ ಐದು. ಐದೂವರೆಗೆ ಮೊದಲ ಯತ್ನ. ಕಬ್ಬಿಣದ ತಟ್ಟೆ ಇಟ್ಟೆ. ಪಕ್ಕದಲ್ಲಿ ಒಂದು ಬಕೆಟ್ ನೀರು, ಒಂದು ಬಕೆಟ್ ಮರಳು. ಡಬ್ಬಿಯಿಂದ ನಾರು ತೆಗೆದು ಗುಬ್ಬಚ್ಚಿಗೂಡಿನಂತೆ ಮಾಡಿ ನಡುವೆ ಗುಳಿ ಮಾಡಿದೆ. ಎಳೆದೆ. ಕಿಡಿ ಚೆನ್ನಾಗಿಯೇ ಬಿತ್ತು. ನಾರಿನ ತುದಿಗಳು ಕಪ್ಪಾದವು, ಅಷ್ಟೆ. ಮತ್ತೆ ಎಳೆದೆ. ಒಂದು ಎಳೆಯ ಮೇಲೆ ಕೆಂಪು ಹುಳುವಿನಂತೆ ಏನೋ ಅರ್ಧ ಅಂಗುಲ ಹರಿದು ನಂದಿಹೋಯಿತು. ಹತ್ತು ಸಲ, ಇಪ್ಪತ್ತು ಸಲ. ರಾಡ್ ಬದಲಿಸಿದೆ. ಉಕ್ಕಿನ ತುಂಡು ಬಿಟ್ಟು ಚೂರಿಯ ಬೆನ್ನು ಹಿಡಿದೆ. ಮಂಡಿಯೂರಿ ಊದಿದೆ. ಹೊಗೆ ಬಂತು, ಒಂಥರಾ ಬಂದರಿನ ಕಡೆಯ ವಾಸನೆಯ ಹೊಗೆ. ಬೆಂಕಿ ಬರಲಿಲ್ಲ. ಚಾರಣಕ್ಕೆ ಬಂದವರು ಮೊದಲು ಸುತ್ತ ನಿಂತು ಹುರಿದುಂಬಿಸುತ್ತಿದ್ದರು. ಹದಿನೈದು ನಿಮಿಷವಾದ ಮೇಲೆ ಒಬ್ಬೊಬ್ಬರೇ ಮೆಲ್ಲ ಅತ್ತ ಸರಿದರು. ಅವರ ಆ ಮರ್ಯಾದೆ ನನಗೆ ಹೆಚ್ಚು ನೋವು ಕೊಟ್ಟಿತು.

“ಮೂವತ್ತು,” ಎಂದರು ಪರೀಕ್ಷಕಿ. ಫಾರಂನಲ್ಲಿ ಏನೋ ಬರೆದರು. “ನಾಳೆ ಬೆಳಿಗ್ಗೆ ಎಂಟಕ್ಕೆ ಇನ್ನೊಂದ್ಸಲ ಸರ್.”

ನನ್ನ ಅಂಗೈಯಲ್ಲಿ ಗುಳ್ಳೆ ಎದ್ದಿತ್ತು. ಕೈ ಸೋತಿತೇ, ರಾಡ್ ಕೆಟ್ಟಿತೇ, ಹಗ್ಗದ ಶಾಪವೇ ಎಂದೆಲ್ಲ ಯೋಚಿಸಿದೆ. ನಾರಿನ ಬಗ್ಗೆ ಮಾತ್ರ ಯೋಚಿಸಲಿಲ್ಲ. ಎರಡು ವಾರ ಒಂದು ದಿನವೂ ಕೈಕೊಡದ ನಾರು ಅದು. ಕಾಕ ಬಂದು, ತಟ್ಟೆಯಲ್ಲಿ ಉಳಿದ ನಾರನ್ನು ಮುದ್ದೆ ಮಾಡಿ ಎತ್ತಿಕೊಂಡರು.

“ಬಿಸಾಡ್ಬೇಡಿ ಮಾರಾಯ್ರೆ. ಕೆಟ್ಲು ತಿಕ್ಕಲಿಕ್ಕೆ ಒಳ್ಳೆದಾಗ್ತದೆ. ಇಲ್ಲಿ ನೀರು ಬೇರೆ ಕಮ್ಮಿ ಉಂಟು. ಇದನ್ನು ಒಳಗೆ ತುಂಬಿಸಿ ನೆನೆಸಿಟ್ರೆ ಬೆಳಿಗ್ಗೆ ಒಂದೇ ತಿಕ್ಕು.”

ಬೆಳಿಗ್ಗೆ ಹುಲ್ಲಿನ ಮೇಲೆಲ್ಲ ಇಬ್ಬನಿ. ಟೆಂಟಿನ ಬಟ್ಟೆ ಮುಟ್ಟಿದರೆ ಕೈ ಒದ್ದೆ. ಏಳು ಗಂಟೆಗೆ ಕಾಕ ಗ್ಯಾಸ್ ಒಲೆಯಲ್ಲಿ ಚಹಾ ಮಾಡಿ ಎಲ್ಲರಿಗೂ ಕೊಟ್ಟರು. ಮೊದಲ ಗುಟುಕಿಗೇ ಚಾರಣಕ್ಕೆ ಬಂದವರಲ್ಲಿ ಒಬ್ಬರು ಮುಖ ಹಿಂಡಿದರು.

“ಕಾಕ, ಚಾಕ್ಕೆ ಉಪ್ಪು ಹಾಕಿದ್ರಾ?”

“ನಾನಾ? ಉಪ್ಪಾ?” ಕಾಕನಿಗೆ ಸಿಟ್ಟು ಬಂತು. “ಮುನ್ನೂರು ಜನಕ್ಕೆ ಚಾ ಮಾಡಿದವ ನಾನು. ಸಕ್ಕರೆ ಯಾವ್ದು, ಉಪ್ಪು ಯಾವ್ದು ಗೊತ್ತಾಗುದಿಲ್ವಾ ನಂಗೆ?”

“ಕುಡಿದು ನೋಡಿ ಮತ್ತೆ.”

ಕಾಕ ಕುಡಿದರು. ಇನ್ನೊಂದು ಗುಟುಕು ಕುಡಿದರು. ಸಕ್ಕರೆ ಡಬ್ಬಿಗೆ ಬೆರಳು ಅದ್ದಿ ನೆಕ್ಕಿದರು, ಕ್ಯಾನಿನ ನೀರನ್ನು ಅಂಗೈಗೆ ಸುರಿದು ಹೀರಿದರು. ಕೊನೆಗೆ ಕೆಟ್ಲನ್ನು ಎತ್ತಿ ಬಗ್ಗಿ ನೋಡಿ, ಒಲೆಯ ಪಕ್ಕದಲ್ಲಿದ್ದ ನಾರಿನ ಮುದ್ದೆಯನ್ನು ಕೈಗೆ ತೆಗೆದುಕೊಂಡರು. ನೀರು ಉಳಿಸಲಿಕ್ಕೆ ಕೆಟ್ಲನ್ನು ಸರಿಯಾಗಿ ತೊಳೆದಿರಲಿಲ್ಲ ಎಂಬುದು ಆಗ ಹೊರಬಿತ್ತು. ಕಾಕ ನಾರಿನ ಒಂದು ಎಳೆಯನ್ನು ನಾಲಿಗೆಗೆ ಇಟ್ಟರು. ಅಲ್ಲಿಂದಲೇ ನನ್ನನ್ನು ನೋಡಿದರು.

“ಅಣ್ಣ, ಇದು ನಾರಾ, ಒಣಮೀನಾ?”

ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ಟೆಂಟಿಗೆ ಹೋಗಿ ಡಬ್ಬಿ ತೆಗೆದು, ಎರಡನೆಯ ಯತ್ನಕ್ಕೆಂದು ಇಟ್ಟಿದ್ದ ನಾರನ್ನು ಮುಟ್ಟಿದೆ. ತಣ್ಣಗೆ, ಅಂಟಂಟು. ಬಾಯಿಗೆ ಹಾಕಿದೆ. ಉಪ್ಪು. ಅಜ್ಜನ ಹಗ್ಗ ಎಷ್ಟೋ ವರ್ಷ ಕಡಲಿನಲ್ಲಿ ನೆನೆದು ನೆನೆದು ಅದರ ಎಳೆ ಎಳೆಗೂ ಉಪ್ಪು ಕೂತಿತ್ತು. ಮಳೆಗಾಲದಲ್ಲಿ ಉಪ್ಪಿನ ಭರಣಿ ತನ್ನಷ್ಟಕ್ಕೇ ನೀರು ಬಿಡುವುದನ್ನು ನೋಡದವರು ನಮ್ಮ ಊರಲ್ಲಿ ಯಾರಿದ್ದಾರೆ? ನಾನೂ ಹುಟ್ಟಿದಾಗಿನಿಂದ ನೋಡಿದವನೇ. ಮಧ್ಯಾಹ್ನ ಎರಡೂವರೆಯ ಬಿಸಿಲಿನಲ್ಲಿ, ಕಾದ ತಗಡಿನ ಮೇಲೆ ಆ ಉಪ್ಪು ಸುಮ್ಮನಿತ್ತು. ಸಂಜೆಯ ತಂಪು ತಾಗಿದ ಕೂಡಲೇ ಗಾಳಿಯ ತೇವವನ್ನೆಲ್ಲ ಎಳೆದುಕೊಂಡಿತು. ಎರಡು ವಾರ ನಾನು ಅಭ್ಯಾಸ ಮಾಡಿದ್ದು ಬೆಂಕಿ ಬೇಡವಾದ ಹೊತ್ತಿನಲ್ಲಿ ಬೆಂಕಿ ಮಾಡುವುದನ್ನು.

ಪರೀಕ್ಷಕಿ ಟೆಂಟಿನ ಬಾಗಿಲಿಗೆ ಬಂದರು. ನಾನು ನಾರು ಅಗಿಯುತ್ತ ಕೂತಿದ್ದೆ.

“ಇಬ್ಬನಿ ಜಾಸ್ತಿ ಇದೆ ಸರ್. ಬೇಕಾದ್ರೆ ಮಧ್ಯಾಹ್ನಕ್ಕೆ ಇಟ್ಕೊಳ್ಳೋಣ. ಹೊತ್ತು ಇಂಥದ್ದೇ ಅಂತ ಫಾರಂನಲ್ಲಿ ಬರೆದಿಲ್ಲ.”

ಆಕೆ ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಮಧ್ಯಾಹ್ನವಾದರೆ ಬಂಡೆಯ ಮೇಲೆ ಎರಡು ಗಂಟೆ ನಾರು ಹರಡಿದರೆ ಸಾಕು, ಎರಡನೆಯ ಎಳೆತಕ್ಕೆ ಬೆಂಕಿ. ಇದು ಈಗ ನನಗೆ ಖಚಿತವಾಗಿ ಗೊತ್ತಿತ್ತು. ಸರಿ ಎಂದರೆ ಮುಗಿಯಿತು. ಆದರೆ ಹಲ್ಲು ಕಟಕಟಿಸುತ್ತ ಕೂತಿದ್ದರಲ್ಲ ಆ ಹತ್ತು ಮಂದಿ, ಅವರಿಗೆ ಬೆಂಕಿ ಬೇಕಾದದ್ದು ಮಧ್ಯಾಹ್ನ ಅಲ್ಲ. ಹೊರಗೆ ಎಂಟು ಜನ ಉಪ್ಪು ಚಹಾದ ಲೋಟ ಹಿಡಿದು ನಿಂತಿದ್ದರು. ಮುಂದೆಯೂ ಇಂಥವರನ್ನೇ ಹಿಂದೆ ಕಟ್ಟಿಕೊಂಡು ಹೋಗುವವನು ನಾನು.

“ಎಂಟಕ್ಕೇ ಮಾಡ್ತೇನೆ ಮೇಡಂ,” ಎಂದೆ. “ಆದ್ರೆ ಈ ನಾರು ಬೇಡ. ಬೇರೆ ನಾರು ತಕೊಳ್ಬಹುದಾ?”

“ಊರಿಂದ ತಂದಿದ್ದಾದ್ರೆ ಆಗ್ಬಹುದು. ಕಾಡಿಂದು ಬೇಡ.”

ಬೇರೆ ನಾರು ಎಲ್ಲಿತ್ತು? ಕಾಕನ ಗೋಣಿಚೀಲದಲ್ಲಿ. ಮೂರು ದಿನದ ಅಡುಗೆಗೆಂದು ತಂದ ಏಳು ತೆಂಗಿನಕಾಯಿ. ಸಿಪ್ಪೆ ಸುಲಿದಿದ್ದರೂ ಕಣ್ಣಿನ ಮೇಲಿನ ಜುಟ್ಟು ಬಿಟ್ಟಿದ್ದರು. ಜುಟ್ಟು ಇದ್ದರೆ ಕಾಯಿ ಕೆಡುವುದಿಲ್ಲ. ಚೀಲ ಗ್ಯಾಸ್ ಒಲೆಯ ಪಕ್ಕದಲ್ಲಿ ಬೆಚ್ಚಗಿತ್ತು.

“ಕಾಕ, ಕಾಯಿಯ ಜುಟ್ಟು ಬೇಕಿತ್ತು.”

“ಎಷ್ಟರದ್ದು?”

“ಏಳರದ್ದೂ.”

“ಏಳೂವಾ! ಜುಟ್ಟು ತೆಗೆದ್ರೆ ಕಾಯಿ ನಿಲ್ಲುದಿಲ್ಲ ಮಾರಾಯ್ರೆ, ಎಲ್ಲ ಇವತ್ತೇ ಒಡೀಬೇಕು. ಮತ್ತೆ ನಾಳೆ ಸಾರಿಗೆ ನಿಮ್ಮ ಜುಟ್ಟು ಅರೆಯುದಾ?” ನನ್ನ ತಲೆ ನೋಡಿ ಅವರೇ ಸರಿಪಡಿಸಿಕೊಂಡರು. “ಅದೂ ಇಲ್ಲ ನಿಮ್ಮ ಹತ್ರ.”

“ಕಾಕ, ಎಂಟಕ್ಕೆ ಇನ್ನು ಅರ್ಧ ಗಂಟೆ ಉಂಟು.”

ಕಾಕ ಚೀಲದ ಬಾಯಿ ಹಿಡಿದೇ ನಿಂತರು. “ಕೊಡ್ತೇನೆ. ಆದ್ರೆ ಮೊದ್ಲು ಚಾ ಹಾಳಾದದ್ದು ನನ್ನಿಂದ ಅಲ್ಲ ಅಂತ ಎಲ್ಲರೆದ್ರು ಹೇಳ್ಬೇಕು. ಜೋರಾಗಿ.”

ಅವರಿಗೆ ಅದು ಸಣ್ಣ ವಿಷಯವಲ್ಲ. ನಾನು ಎಂಟು ಜನರನ್ನೂ ಪರೀಕ್ಷಕಿಯನ್ನೂ ಕರೆದು, ಚಹಾ ಉಪ್ಪಾದದ್ದು ನನ್ನ ನಾರಿನಿಂದ, ನಿನ್ನೆ ಬೆಂಕಿ ಹಿಡಿಯದಿದ್ದದ್ದೂ ಅದರಿಂದಲೇ, ಕಡಲಿನವನಾಗಿದ್ದೂ ನನಗೆ ಉಪ್ಪು ನೆನಪಾಗಲಿಲ್ಲ ಎಂದು ಹೇಳಿದೆ. ಪರೀಕ್ಷೆಗೆ ಮೊದಲು ಹೀಗೆ ಹೇಳಿಕೊಳ್ಳುವುದು ಹಿತವಾಗಿರಲಿಲ್ಲ. ಕಾಕ ಒಂದೊಂದೇ ಜುಟ್ಟು ತಿರುಚಿ ಕಿತ್ತು ಕೊಟ್ಟರು.

ಜುಟ್ಟುಗಳ ಗಟ್ಟಿ ಭಾಗ ತೆಗೆದು ಬಿಸಾಡಿದೆ. ಉಳಿದದ್ದನ್ನು ಎಳೆ ಎಳೆ ಬಿಡಿಸಿ ಅಂಗೈಯಲ್ಲಿ ಉಜ್ಜಿದೆ. ಗುಳ್ಳೆ ಒಡೆಯಿತು. ಉಜ್ಜುವಾಗ ಉದುರುವ ಕಂದು ಪುಡಿಯನ್ನು ಕಾಗದದಲ್ಲಿ ಹಿಡಿದುಕೊಂಡೆ, ಕಿಡಿ ಮೊದಲು ಕೂರುವುದು ಅದರ ಮೇಲೆ. ಒಂದು ಎಳೆ ನೆಕ್ಕಿಯೂ ನೋಡಿದೆ. ಸಪ್ಪೆ. ಆಮೇಲೆ ಎಲ್ಲವನ್ನೂ ಅಂಗಿಯೊಳಗೆ, ಎದೆಗೆ ತಾಗುವಂತೆ ಇಟ್ಟುಕೊಂಡು ಎಂಟು ಗಂಟೆಯವರೆಗೆ ಅಲುಗದೆ ಕೂತೆ. ಮೈಯ ಬಿಸಿಗೆ ಉಳಿದ ತೇವವೂ ಹೋಗಲಿ ಎಂದು. ಏಳು ಜುಟ್ಟು ಸೇರಿ ಆದದ್ದು ಒಂದು ಗೂಡು. ತಪ್ಪಿದರೆ ಎಂಟನೆಯ ಕಾಯಿ ಇರಲಿಲ್ಲ.

ಎಂಟಕ್ಕೆ ತಟ್ಟೆಯ ಮುಂದೆ ಮಂಡಿಯೂರಿದೆ. ತೆಂಗಿನ ಗರಿಯ ಕಡ್ಡಿಗಳನ್ನು ಬಲಗಡೆ ಇಟ್ಟೆ, ಗೆರಟೆಯ ಚೂರುಗಳನ್ನು ಅದರಾಚೆ, ಇಡೀ ಗೆರಟೆಗಳನ್ನು ಕೊನೆಗೆ. ಬೆಂಕಿ ಬಂದ ಮೇಲೆ ಹುಡುಕುತ್ತ ಕೂರಬಾರದು. ಗೂಡಿನ ಗುಳಿಗೆ ಪುಡಿ ಸುರಿದೆ. ಉಕ್ಕಿನ ತುಂಡು ನಿಲ್ಲಿಸಿ ಎಳೆದೆ.

ಸ್ಟಾಪ್‌ವಾಚು ಟಿಕ್ಕೆಂದಿತು.

ಮೊದಲ ಎಳೆತ ಆತುರದ್ದು. ಕಿಡಿಗಳು ಗೂಡಿನ ಆಚೆ ಬಿದ್ದವು. ಎರಡನೆಯದೂ. ನಿಲ್ಲಿಸಿದೆ. ಬಲೆ ಎಳೆಯುವಾಗ ಹಿರಿಯರು ಹೇಳುತ್ತಿದ್ದದ್ದು ಭಾರ ಹಾಕು ಎಂದು, ಬೇಗ ಎಳೆ ಎಂದಲ್ಲ. ಮೂರನೆಯದನ್ನು ನಿಧಾನವಾಗಿ, ಮೈಭಾರ ಹಾಕಿ ಎಳೆದೆ. ಕಿಡಿಯ ಒಂದು ಹನಿ ಪುಡಿಯ ಮೇಲೆ ಕೂತು ಹಾಗೇ ಉಳಿಯಿತು. ಬಿಳಿ ಹೊಗೆ ಎದ್ದಿತು. ಬಂದರಿನ ವಾಸನೆ ಇರಲಿಲ್ಲ. ಗೂಡನ್ನು ಎರಡೂ ಕೈಯಲ್ಲಿ ಎತ್ತಿ, ಮುಖದಿಂದ ದೂರ ಹಿಡಿದು, ಬಿಸಿ ಗಂಜಿಗೆ ಊದುವಷ್ಟೇ ಊದಿದೆ. ಹೊಗೆ ದಪ್ಪವಾಯಿತು, ಹಳದಿಯಾಯಿತು, ಮತ್ತೆ ಫಕ್ಕನೆ ಉರಿ. ತಟ್ಟೆಗಿಟ್ಟೆ. ಕಡ್ಡಿ ಒಂದೊಂದಾಗಿ. ಚೂರು. ಗೆರಟೆ ಹಿಡಿಯಿತು. ಗೆರಟೆ ಒಮ್ಮೆ ಹಿಡಿದರೆ ಮತ್ತೆ ಯಾರ ಮಾತೂ ಕೇಳುವುದಿಲ್ಲ.

ತೊಳೆದ ಕೆಟ್ಲನ್ನು ಇಡುವಾಗ ಏಳು ನಿಮಿಷ ಆಗಿತ್ತು. ಕಣಿವೆಯ ಕಡೆಯಿಂದ ಗಾಳಿ ಬೀಸಿ ಉರಿ ಒಂದು ಬದಿಗೆ ವಾಲಿತು. ನಾನು ಎದ್ದು ಗಾಳಿಗೆ ಅಡ್ಡ ಕೂತೆ, ಬೆನ್ನಿಗೆ ಚಳಿ, ಮುಖಕ್ಕೆ ಬೆಂಕಿ. ಇಪ್ಪತ್ತು. ಇಪ್ಪತ್ತೈದು. ಇಪ್ಪತ್ತೆಂಟಕ್ಕೆ ಮುಚ್ಚಳ ಒಮ್ಮೆ ಅಲುಗಿತು. ಪರೀಕ್ಷಕಿ ಬಗ್ಗಿ, ಮುಚ್ಚಳ ಎತ್ತಿ, ಗುಳ್ಳೆಗಳು ಮೇಲೆ ಬಂದು ಒಡೆಯುವುದನ್ನು ನೋಡಿ ವಾಚು ಒತ್ತಿದರು.

“ಇಪ್ಪತ್ತೆಂಟು, ನಲವತ್ತು ಸೆಕೆಂಡು.”

ಕಾಕ ಆ ನೀರಿಗೇ ಚಹಾಪುಡಿ ಹಾಕಿದರು. ಮೊದಲ ಲೋಟ ಕೊಟ್ಟದ್ದು, ಉಪ್ಪು ಹಾಕಿದ್ರಾ ಎಂದು ಕೇಳಿದವರಿಗೆ. ಅವರು ಕುಡಿದು ತಲೆಯಾಡಿಸುವ ತನಕ ಕಾಕ ಎದುರಿನಿಂದ ಕದಲಲಿಲ್ಲ. ಆ ದಿನ ಮಧ್ಯಾಹ್ನಕ್ಕೂ ರಾತ್ರಿಗೂ ಏಳು ಕಾಯಿಯ ಅಡುಗೆ. ಅಷ್ಟು ದಪ್ಪದ ಸಾರು ಮದುವೆಯಲ್ಲೂ ಸಿಗುವುದಿಲ್ಲ ಎಂದು ಚಾರಣಕ್ಕೆ ಬಂದವರು ಹೊಗಳಿದರು.

ಸಂಜೆ ಪರೀಕ್ಷಕಿ ಫಾರಂ ಹಿಡಿದು ಬಂದರು. “ಮೊದಲ ಯತ್ನ ಯಾಕೆ ವಿಫಲ ಅಂತ ಒಂದು ಸಾಲು ಬರೀಬೇಕು ಸರ್. ಏನ್ ಬರೀಲಿ?”

“ಹಗ್ಗ ಕಡಲು ನೋಡಿತ್ತು ಅಂತ ಬರೀರಿ.”

ಆಕೆ ನನ್ನನ್ನು ನೋಡಿದರು. ಮೊದಲ ಬಾರಿಗೆ ನಕ್ಕರು. ಬರೆದದ್ದು ಮಾತ್ರ ‘ಉಪ್ಪು’ ಎಂದು ಒಂದೇ ಶಬ್ದ.

ಭಾನುವಾರ ಮನೆಗೆ ಬಂದಾಗ ಚಿಕ್ಕಮ್ಮ ಜಗಲಿಯಲ್ಲಿ ಕೂತಿದ್ದರು. ಸ್ಟೋರಿಗೆ ಹೋಗುವುದು ತಪ್ಪಿತು ಎಂದು ಹೇಳಿ, ನಡೆದದ್ದನ್ನೆಲ್ಲ ಹೇಳಿದೆ. ಕಾಕ ನಾರು ನೆಕ್ಕಿದ ಕಡೆ ಅವರು ಬಾಯಿಗೆ ಸೆರಗು ಹಿಡಿದು ನಕ್ಕರು.

“ನಾನು ಹೇಳಿರ್ಲಿಲ್ವಾ ನಿಂಗೆ?”

“ಹೇಳಿದ್ರಿ. ಬೆಂಕಿ ನೋಡಬಾರದು ಅಂತ ಹೇಳಿದ್ರಿ. ನಾನು ಅದು ಶಾಸ್ತ್ರ ಅಂತ ಎಣಿಸಿದೆ.”

“ಬಾರದು ಅಂತ ಯಾರು ಹೇಳಿದ್ದು?” ಚಿಕ್ಕಮ್ಮ ಸೆರಗು ತೆಗೆದರು. “ಬಾರದು ಅಂತಾದ್ರೆ ‘ತೂವರೆ ಬಲ್ಲಿ’ ಅಂತ ಹೇಳ್ತಿದ್ದೆ. ನಾನು ಹೇಳಿದ್ದು ‘ತೂವಂದ್’. ನೋಡುದಿಲ್ಲ ಅಂತ. ಕಡಲು ನೋಡಿದ ಹಗ್ಗ ಬೆಂಕಿ ನೋಡುದಿಲ್ಲ, ಹಿಡಿಯುದಿಲ್ಲ ಅದಕ್ಕೆ. ನಮ್ಮ ಅಮ್ಮ ಒಲೆಗೆ ಹಾಕಿ ನೋಡಿ ಸಾಕಾಗಿಯೇ ಹಾಗೆ ಹೇಳ್ತಿದ್ದದ್ದು.”

ಐವತ್ತು ವರ್ಷ ಕೇಳಿದ ಮಾತು. ಹೇಳಿ ಹೇಳಿ ನಕ್ಕ ಮಾತು. ಅದರ ಕೊನೆಯ ಶಬ್ದವನ್ನು ನಾನು ಒಂದು ದಿನವೂ ಸರಿಯಾಗಿ ಕೇಳಿರಲಿಲ್ಲ.

“ಮತ್ತೆ ನಾನು ಹಗ್ಗಕ್ಕೆ ಕೈಮುಗಿವಾಗ ಯಾಕೆ ಸುಮ್ಮನಿದ್ರಿ?”

“ಕೈಮುಗಿಯುವವರಿಗೆ ಬೇಡ ಅಂತ ಹೇಳುದುಂಟಾ?” ಎಂದರು ಚಿಕ್ಕಮ್ಮ. “ಮುಗಿದದ್ದು ಹಾಳಾಗುದಿಲ್ಲ, ಬಿಡು. ಹಾಳಾದದ್ದು ನಿನ್ನ ಅಜ್ಜನ ಹಗ್ಗ. ಅದಕ್ಕೆ ಇನ್ನೊಮ್ಮೆ ಮುಗಿ.”

ಉಳಿದ ಅರ್ಧ ಹಗ್ಗವನ್ನು ಸುತ್ತಿ ಅಟ್ಟಕ್ಕೆ ಏರಿಸಿದೆ. ಕೆಳಗಿನಿಂದ ಚಿಕ್ಕಮ್ಮ ನೋಡುತ್ತಲೇ ಇದ್ದರು, ನಾನು ಕೈಮುಗಿಯುವ ತನಕ.